ಆಟ ಬಿಡಿಸಬೇಡಿ, ಪಂದ್ಯ ಕಡಿಮೆ ಮಾಡಿ

ಪ್ರಶ್ನೆ: ಮೇಡಂ, ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಹೆಣ್ಣುಮಕ್ಕಳ ಖೋ ಖೋ ತಂಡ ಕಟ್ಟಿದ್ದೇನೆ. ಹೋದ ವರ್ಷ ತಾಲ್ಲೂಕು, ಜಿಲ್ಲೆ ಎರಡನ್ನೂ ಗೆದ್ದು ವಿಭಾಗ ಮಟ್ಟದಲ್ಲಿ ಸೋತೆವು. ಈ ಸಲ ರಾಜ್ಯಮಟ್ಟಕ್ಕೆ ಹೋಗುತ್ತೇವೆಂಬ ನಂಬಿಕೆಯಿದೆ. ಆ ನಂಬಿಕೆಯ ಬಹುಪಾಲು ಒಬ್ಬ ಹುಡುಗಿಯ ಮೇಲೆ ನಿಂತಿದೆ. ಮೊದಲ ಬ್ಯಾಚಿನಲ್ಲಿ ಅವಳನ್ನು ಓಡಲು ಇಳಿಸಿದರೆ ಎದುರು ತಂಡದವರ ಅರ್ಧ ಸಮಯ ಅವಳನ್ನು ಮುಟ್ಟುವುದರಲ್ಲೇ ಹೋಗುತ್ತದೆ. ಕಂಬ ಸುತ್ತುವ ಅವಳ ಚುರುಕು ಹೇಳಿಕೊಟ್ಟು ಬರುವಂಥದ್ದಲ್ಲ.

ಅವಳೀಗ ಹತ್ತನೇ ಕ್ಲಾಸು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಹೋಗಿವೆ. ಗಣಿತದ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು, ‘ನಿಮ್ಮ ಟ್ರೋಫಿ ತಗೊಂಡು ಅವಳ ಮಾರ್ಕ್ಸ್ ಕಾರ್ಡಿಗೆ ಅಂಟಿಸೋಕಾಗುತ್ತಾ ಸರ್?’ ಅಂದರು. ಕಿರುಪರೀಕ್ಷೆಯಲ್ಲಿ ಪಾಸಾಗದವರು ಇನ್ನು ಮೈದಾನಕ್ಕೆ ಇಳಿಯಕೂಡದು ಎಂದು ನಿಯಮ ಮಾಡುವ ಯೋಚನೆ ಮುಖ್ಯೋಪಾಧ್ಯಾಯರದು. ಅವಳ ಅಪ್ಪ ಕೂಲಿ ಮಾಡುವವರು. ‘ಆಟ ಆಡಿ ಯಾರ ಮನೆ ಉದ್ಧಾರ ಆಗೈತೆ ಸಾ, ಬುಟ್ಬುಡಿ’ ಎಂದು ಕೈಮುಗಿದರು. ಬೆಳಿಗ್ಗೆ 6ರಿಂದ 7.30, ಸಂಜೆ 4.30ರಿಂದ 6.30 ನಮ್ಮ ಅಭ್ಯಾಸ. ಭಾನುವಾರ ಎಲ್ಲಾದರೂ ಟೂರ್ನಮೆಂಟ್ ಇದ್ದರೆ ಹೋಗುತ್ತೇವೆ. ಅವಳನ್ನು ಈ ಒಂದು ವರ್ಷ ಆಟ ಬಿಡಿಸಲೇ, ಇಲ್ಲ ಹಠ ಹಿಡಿದು ಉಳಿಸಿಕೊಳ್ಳಲೇ? ನನ್ನ ಹೆಸರಿಗಾಗಿ ಅವಳನ್ನು ಬಳಸಿಕೊಳ್ಳುತ್ತಿದ್ದೇನೆಯೇ ಎಂಬ ಯೋಚನೆಯೂ ಕಾಡುತ್ತಿದೆ.

– ಹೆಸರು ಬೇಡ

ಪ್ರಿಯ ಮೇಷ್ಟ್ರೇ,

ನಿಮ್ಮ ತಂಡ ಗೆಲ್ಲಬೇಕೆಂದು ನೀವು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಗೆಲ್ಲುವ ಆಸೆಯೇ ಇಲ್ಲದ ಮೇಷ್ಟ್ರು ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುವುದೂ ಇಲ್ಲ. ‘ಬಳಸಿಕೊಳ್ಳುತ್ತಿದ್ದೇನೆಯೇ’ ಎಂದು ಕೇಳಿಕೊಳ್ಳುವವರನ್ನು ನಾನು ಸ್ವಾರ್ಥಿ ಅನ್ನಲಾರೆ. ಆದರೆ ನಿಮ್ಮ ಪತ್ರವನ್ನು ಮತ್ತೆ ಓದಿದಾಗ ಒಂದು ಕೊರತೆ ಕಂಡಿತು. ಗಣಿತದ ಮೇಡಂ ಏನೆಂದರು, ಮುಖ್ಯೋಪಾಧ್ಯಾಯರು ಏನೆಂದರು, ಅಪ್ಪ ಏನೆಂದರು, ಎಲ್ಲವನ್ನೂ ಬರೆದಿದ್ದೀರಿ. ಆ ಹುಡುಗಿ ಏನೆಂದಳು ಎಂಬುದು ಎಲ್ಲೂ ಇಲ್ಲ.

ಬಿಡಿಸುವುದೋ ಉಳಿಸಿಕೊಳ್ಳುವುದೋ ಎಂದು ತೀರ್ಮಾನಿಸುವ ಮೊದಲು ಅವಳ ಜೊತೆ ಕೂತು ಮಾತಾಡಿ. ತಂಡದ ಎದುರು ಬೇಡ, ಸ್ಟಾಫ್ ರೂಮಿನಲ್ಲಿ ಬೇಡ. ಮರದ ಕೆಳಗೋ ಕಾರಿಡಾರಿನಲ್ಲೋ, ಜನ ಓಡಾಡುವ ಕಡೆ, ಸಾಧ್ಯವಾದರೆ ಅವಳಿಗೆ ಸಲಿಗೆಯಿರುವ ಒಬ್ಬ ಮೇಡಂ ಜೊತೆಗಿರಲಿ. ‘ಆಡ್ತೀಯಾ, ಬಿಡ್ತೀಯಾ?’ ಎಂದು ಕೇಳಬೇಡಿ. ನೀವು ಕೇಳಿದರೆ ಅವಳು ‘ಆಡ್ತೀನಿ ಸರ್’ ಅನ್ನುತ್ತಾಳೆ, ಅಪ್ಪ ಕೇಳಿದರೆ ‘ಬಿಡ್ತೀನಪ್ಪ’ ಅನ್ನುತ್ತಾಳೆ. ಎರಡೂ ಅವಳ ಮಾತಾಗಿರುವುದಿಲ್ಲ. ನಿನ್ನೆ ಎಷ್ಟು ಹೊತ್ತಿಗೆ ಎದ್ದೆ, ಎದ್ದ ಮೇಲೆ ಏನೇನು ಮಾಡಿದೆ, ಮನೆಗೆ ಹೋದಾಗ ಗಂಟೆ ಎಷ್ಟು, ಪುಸ್ತಕ ಹಿಡಿದದ್ದು ಯಾವಾಗ, ಮಲಗಿದ್ದು ಯಾವಾಗ ಎಂದು ಕೇಳಿ. ಒಂದು ಹಾಳೆಯ ಮೇಲೆ ಅವಳ ಕೈಯಲ್ಲೇ ಬರೆಸಿ.

ಆ ಹಾಳೆಯಲ್ಲಿ ಏನಿರಬಹುದೆಂದು ನನಗೆ ಸ್ವಲ್ಪ ಅಂದಾಜಿದೆ. ಆರಕ್ಕೆ ಮೈದಾನದಲ್ಲಿರಬೇಕಾದರೆ ಅವಳು ಏಳುವುದು ನಾಲ್ಕೂವರೆಗೆ. ಏಕೆಂದರೆ ಬರುವ ಮುನ್ನ ಅಂಗಳ ಗುಡಿಸಬೇಕು, ಪಾತ್ರೆ ತೊಳೆಯಬೇಕು, ನೀರು ಬರುವ ದಿನವಾದರೆ ಹಿಡಿಯಬೇಕು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ರಾತ್ರಿಯ ಅಡುಗೆಯ ಒಂದು ಪಾಲು ಹತ್ತನೇ ಕ್ಲಾಸಿನ ಮಗಳದೇ. ಸಂಜೆ ಏಳಕ್ಕೆ ಮನೆ ಸೇರಿ, ಮುದ್ದೆ ತಿರುವಿ, ಊಟ ಮುಗಿದು, ಓದಲು ಕೂರುವಾಗ ಒಂಬತ್ತೂವರೆ. ಹನ್ನೊಂದರವರೆಗೆ ಓದಿದರೂ ನಿದ್ದೆ ಐದೂವರೆ ಗಂಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾ ತಜ್ಞರು. ಶಾಲೆ, ಮೈದಾನ, ಮನೆ ಮೂರೂ ಒಂದೇ ಕೊಳವೆಬಾವಿಗೆ ಮೂರು ಪಂಪು ಇಳಿಸಿದಂತೆ ಆ ಹುಡುಗಿಯ ಮೈಯಿಂದಲೇ ಎಳೆಯುತ್ತಿವೆ. ನೀರು ಬತ್ತಿದಾಗ ಮಾತ್ರ ಮೂವರೂ ಆಚೆ ಪಂಪಿನ ಕಡೆ ಕೈ ತೋರಿಸುತ್ತಾರೆ.

ಗಣಿತ ಅರ್ಥವಾಗದೇ ಫೇಲಾದಳೋ, ತರಗತಿಯಲ್ಲಿ ಕಣ್ಣು ಎಳೆಯುತ್ತಿದ್ದುದರಿಂದ ಫೇಲಾದಳೋ ಎಂಬುದನ್ನು ಈ ಹಾಳೆ ನೋಡಿದ ಮೇಲೆ ಗಣಿತದ ಮೇಡಂ ಜೊತೆ ಚರ್ಚಿಸಿ. ಎರಡಕ್ಕೂ ಮದ್ದು ಬೇರೆ ಬೇರೆ. ನಿದ್ದೆಗೆಟ್ಟ ಮಗುವಿಗೆ ಇನ್ನೊಂದು ಗಂಟೆ ವಿಶೇಷ ತರಗತಿ ಕೊಟ್ಟರೆ ಪ್ರಯೋಜನವಿಲ್ಲ. ಮೈದಾನದಲ್ಲೂ ಅಷ್ಟೆ. ದಣಿದ ಕಾಲು ಕಂಬದ ಹತ್ತಿರ ತಿರುಗುವಾಗ ಎಡವುತ್ತದೆ.

ಈಗ ನಿಮ್ಮ ವೇಳಾಪಟ್ಟಿಗೆ ಬರೋಣ. ನೀವು ಕೊಟ್ಟ ಲೆಕ್ಕದಂತೆ ದಿನಕ್ಕೆ ಮೂರೂವರೆ ಗಂಟೆ, ಆರು ದಿನಕ್ಕೆ 21 ಗಂಟೆ. ಭಾನುವಾರದ ಟೂರ್ನಮೆಂಟ್ ಬೇರೆ. ಬೆಳೆಯುವ ವಯಸ್ಸಿನ ಮಕ್ಕಳ ವಿಷಯದಲ್ಲಿ ಕ್ರೀಡಾ ವೈದ್ಯರು ಒಂದು ಸರಳ ಅಳತೆ ಹೇಳುತ್ತಾರೆ. ಮಗುವಿನ ವಯಸ್ಸು ಎಷ್ಟು ವರ್ಷವೋ, ವಾರದ ತರಬೇತಿಯ ಗಂಟೆಗಳು ಅದನ್ನು ಮೀರಬಾರದು, ವಾರಕ್ಕೆ ಕನಿಷ್ಠ ಒಂದು ದಿನ ಪೂರ್ತಿ ವಿಶ್ರಾಂತಿ ಇರಬೇಕು. ನಿಮ್ಮ ಹುಡುಗಿಗೆ 15 ವರ್ಷವೆಂದರೆ 15 ಗಂಟೆಗೆ ಮಿತಿ ಮುಗಿಯಿತು. ಅಪ್ಪನೋ ಮುಖ್ಯೋಪಾಧ್ಯಾಯರೋ ಒಂದು ಮಾತಾಡದಿದ್ದರೂ, ಗಣಿತದಲ್ಲಿ ಅವಳಿಗೆ ನೂರಕ್ಕೆ ನೂರು ಬಂದಿದ್ದರೂ, ಈ ಅಭ್ಯಾಸ ಹೆಚ್ಚೇ.

ಹಾಗಾದರೆ ಯಾವುದನ್ನು ಕಡಿಮೆ ಮಾಡುವುದು? ಸಾಮಾನ್ಯವಾಗಿ ಮಾಡುವುದೆಂದರೆ ಪರೀಕ್ಷೆ ಹತ್ತಿರ ಬಂದಾಗ ದಿನದ ಅಭ್ಯಾಸ ನಿಲ್ಲಿಸಿ ಪಂದ್ಯಗಳಿಗೆ ಮಾತ್ರ ಕರೆದುಕೊಂಡು ಹೋಗುವುದು. ‘ಪ್ರಾಕ್ಟೀಸಿಗೆ ಬರಬೇಡ, ಮ್ಯಾಚಿಗೆ ಬಾ ಸಾಕು’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ದಿನಕ್ಕೊಂದು ಗಂಟೆ ಓಡುವುದರಿಂದ ಯಾವ ಮಗುವಿನ ಓದೂ ಕೆಟ್ಟಿಲ್ಲ. 5ರಿಂದ 17 ವರ್ಷದ ಪ್ರತಿ ಮಗುವೂ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಓದನ್ನು ನುಂಗುವುದು ಪಂದ್ಯಗಳು. ಪಂದ್ಯ ನಡೆಯುವುದು ಅರ್ಧ ಮುಕ್ಕಾಲು ಗಂಟೆ, ಅದಕ್ಕೆ ಕಾಯುವುದು ಅರ್ಧ ದಿನ. ಹೋಗುವ ಬಸ್ಸು, ಬರುವ ಬಸ್ಸು, ಬಿಸಿಲು, ಸರಿಯಾಗಿ ಊಟವಿಲ್ಲ, ಬಂದ ಮರುದಿನ ತರಗತಿಯಲ್ಲಿ ತೂಕಡಿಕೆ. ಒಂದು ಪಂದ್ಯಕ್ಕೆ ಎರಡು ದಿನದ ಪಾಠ ಹೋಗುತ್ತದೆ. ಆ ಎರಡು ದಿನದಲ್ಲಿ ಗಣಿತದ ಮೇಡಂ ಹೊಸ ಅಧ್ಯಾಯ ಶುರು ಮಾಡಿದ್ದರೆ ಮುಂದಿನ ಎರಡು ವಾರದ ಪಾಠ ಕೇಳಿಸಿಕೊಂಡರೂ ತಲೆಗೆ ಹತ್ತುವುದಿಲ್ಲ.

ನಮ್ಮ ಕ್ರೀಡಾಕೂಟಗಳ ಕ್ಯಾಲೆಂಡರ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲಾ ಶಿಕ್ಷಣ ಇಲಾಖೆಯದು ಹೋಬಳಿಯಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುತ್ತದೆ. ದಸರಾ ಕ್ರೀಡಾಕೂಟದ್ದು ಇನ್ನೊಂದು ಏಣಿ. ಖೋ ಖೋ ಸಂಸ್ಥೆಯ ಜೂನಿಯರ್ ಆಯ್ಕೆಗಳು ಬೇರೆ. ಇವುಗಳ ನಡುವೆ ಊರಹಬ್ಬಕ್ಕೆ, ಗಣೇಶನಿಗೆ, ಯಾರದೋ ಹುಟ್ಟುಹಬ್ಬಕ್ಕೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳು. ಬಹುಪಾಲು ಬಂದು ಬೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಅಂದರೆ ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯ ನೆತ್ತಿಯ ಮೇಲೇ. ಹತ್ತನೇ ಕ್ಲಾಸಿನ ಮಗುವಿಗೆ ಇವೆಲ್ಲ ಬೇಕಿಲ್ಲ. ಇಲಾಖೆಯ ಏಣಿಯೊಂದನ್ನು ಇಟ್ಟುಕೊಳ್ಳಿ, ಏಕೆಂದರೆ ಮುಂದೆ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವಾಗ ತೂಕವಿರುವುದು ಮಾನ್ಯತೆಯಿರುವ ಕೂಟದ ಪ್ರಮಾಣಪತ್ರಕ್ಕೆ. ಹೊನಲು ಬೆಳಕಿನ ಪಂದ್ಯಗಳನ್ನು ಹತ್ತನೇ ಕ್ಲಾಸಿನವರಿಗೆ ಪೂರ್ತಿ ನಿಲ್ಲಿಸಿ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಅಲ್ಲಿ ಆಡಲಿ. ಅವರಿಗೂ ಅನುಭವ ಬೇಕಲ್ಲ. ಒಬ್ಬ ಹುಡುಗಿಯ ಮೇಲೆ ನಿಂತ ತಂಡ ಅವಳಿಗೊಂದು ಜ್ವರ ಬಂದರೆ ಬೀಳುತ್ತದೆ.

ಸಂಘಟಕರು ಫೋನ್ ಮಾಡಿ ‘ಮೇಷ್ಟ್ರೇ, ನಿಮ್ಮ ಹುಡುಗೀರು ಬರಲೇಬೇಕು’ ಅಂದಾಗ ಇಲ್ಲವೆನ್ನುವುದು ಕಷ್ಟ, ಗೊತ್ತು. ಆ ಕಷ್ಟವನ್ನು ನೀವು ಹೊರಬೇಕು. ಅವಳಿಗೆ ಹೊರಿಸಬಾರದು.

ದಿನದ ಅಭ್ಯಾಸ ಒಂದೇ ಹೊತ್ತು ಇರಲಿ. ನನ್ನ ಒಲವು ಸಂಜೆಯದಕ್ಕೆ, ಒಂದೂಕಾಲು ಗಂಟೆ, ಆರರೊಳಗೆ ಮುಗಿಯುವಂತೆ. ಬೆಳಗಿನ ಅಭ್ಯಾಸ ಬಿಟ್ಟರೆ ಅವಳಿಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ, ಕೆಲಸ ಮುಗಿಸಿ ವಿಶೇಷ ತರಗತಿಗೆ ನೇರವಾಗಿ ಬರಬಹುದು. ಸಂಜೆ ಆರಕ್ಕೆ ಬಿಟ್ಟರೆ ಬೆಳಕಿರುವಾಗಲೇ ಮನೆ ಸೇರುತ್ತಾಳೆ, ಅಪ್ಪನ ಆತಂಕದಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ. ವಾರಕ್ಕೆ ಐದು ದಿನ ಸಾಕು. ಒಟ್ಟು ಆರೂಕಾಲು ಗಂಟೆಯಾಯಿತು. ರಾಜ್ಯಮಟ್ಟಕ್ಕೆ ಇಷ್ಟು ಸಾಲದು ಎಂದು ನಿಮಗನ್ನಿಸಬಹುದು. ಜಿಲ್ಲೆ, ವಿಭಾಗದ ಹಿಂದಿನ ವಾರಗಳಲ್ಲಿ ಶನಿವಾರ ಮಧ್ಯಾಹ್ನವನ್ನೂ ಸೇರಿಸಿಕೊಳ್ಳಿ, ಆಗಲೂ ನೀವು ಮಿತಿಯೊಳಗೇ ಇರುತ್ತೀರಿ. ಮೈಯನ್ನು ಬಿಸಿ ಮಾಡಲು ಹತ್ತು ಸುತ್ತು ಓಡಿಸಿ ಸುಸ್ತು ಮಾಡುವ ಬದಲು ಆ ಹೊತ್ತನ್ನು ಕಂಬದ ಹತ್ತಿರ, ಖೋ ಕೊಡುವ ವೇಳೆಯ ಮೇಲೆ ಕಳೆದರೆ ಒಂದೂಕಾಲು ಗಂಟೆಯಲ್ಲಿ ಬೇಕಾದಷ್ಟಾಗುತ್ತದೆ.

ಮುಖ್ಯೋಪಾಧ್ಯಾಯರ ನಿಯಮದ ಬಗ್ಗೆ ಒಂದು ಮಾತು. ಅವರ ಮೇಲಿರುವ ಒತ್ತಡವನ್ನು ನೀವು ಅರ್ಥಮಾಡಿಕೊಳ್ಳಬೇಕು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತು, ಫಲಿತಾಂಶ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 62.34. ಫಲಿತಾಂಶ ಇಳಿದ ಶಾಲೆಗಳಿಂದ ವಿವರಣೆ ಕೇಳುತ್ತಾರೆ. ಪಿಇ ಪೀರಿಯಡ್‌ಗಳು ಗಣಿತದ ಪೀರಿಯಡ್‌ಗಳಾಗುವುದು ಇದರಿಂದಲೇ. ಹಾಗಿದ್ದೂ ಫೇಲಾದವರನ್ನು ಮೈದಾನದಿಂದ ಹೊರಹಾಕುವ ನಿಯಮ ಒಳ್ಳೆಯದಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1984ರಲ್ಲಿ ಇದನ್ನು ಕಾನೂನಾಗಿಯೇ ಮಾಡಿದರು. ಪಾಸಾಗದಿದ್ದರೆ ಆಟವಿಲ್ಲ. ಶುರುವಿನಲ್ಲಿ ಆರು ವಾರ ನಿಷೇಧವಿತ್ತು, ಆಮೇಲೆ ಮೂರು ವಾರಕ್ಕೆ ಇಳಿಸಿದರು. ಇವತ್ತು ಅಲ್ಲಿ ಫೇಲಾದ ಮಗು ಪಂದ್ಯ ಆಡುವಂತಿಲ್ಲ, ಆದರೆ ತಂಡದ ಜೊತೆ ಅಭ್ಯಾಸ ಮಾಡಬಹುದು. ಅಷ್ಟು ಕಟ್ಟುನಿಟ್ಟಿನವರೂ ಮಗುವನ್ನು ಮೈದಾನದಿಂದ ಪೂರ್ತಿ ಕಳಿಸಿಲ್ಲ. ನಿಮ್ಮ ಮುಖ್ಯೋಪಾಧ್ಯಾಯರ ಬಳಿ ಇದನ್ನು ವಾದವಾಗಿ ಅಲ್ಲ, ಒಂದು ಒಪ್ಪಂದವಾಗಿ ಇಡಿ. ಪ್ರತಿ ಕಿರುಪರೀಕ್ಷೆಯ ನಂತರ ತಂಡದ ಹತ್ತನೇ ಕ್ಲಾಸಿನವರ ಅಂಕಗಳನ್ನು ನಾನೇ ತಂದು ತೋರಿಸುತ್ತೇನೆ, ಹಿಂದೆ ಬಿದ್ದ ವಿಷಯದ ಶಿಕ್ಷಕರು ಹೇಳಿದಷ್ಟು ಕೆಲಸ ಮುಗಿಯುವವರೆಗೆ ಆ ಮಗುವನ್ನು ಹೊರಗಿನ ಪಂದ್ಯಕ್ಕೆ ಕರೆದುಕೊಂಡು ಹೋಗುವುದಿಲ್ಲ, ಆದರೆ ಸಂಜೆಯ ಅಭ್ಯಾಸ ತಪ್ಪಿಸಬೇಡಿ ಎಂದು ಕೇಳಿ. ಮೈದಾನವೊಂದೇ ತನಗೆ ಒಗ್ಗುವ ಜಾಗ ಎಂದುಕೊಂಡ ಮಗುವನ್ನು ಅಲ್ಲಿಂದಲೂ ಕಳಿಸಿದರೆ ಅದು ಗಣಿತದ ಕಡೆ ತಿರುಗುವುದಿಲ್ಲ, ಶಾಲೆಗೆ ಬರುವುದನ್ನೇ ತಪ್ಪಿಸುತ್ತದೆ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು ಎಂಬುದನ್ನೂ ನೆನಪಿಡಿ. ಕೂಟಕ್ಕೆ ಹೋದ ದಿನಗಳನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಆಗಿಂದಾಗಲೇ ದಾಖಲು ಮಾಡಿಸಿ.

ಗಣಿತದ ಮೇಡಂ ಆಡಿದ ಮಾತು ನಿಮಗೆ ನೋವು ತಂದಿದೆ, ಪತ್ರದಲ್ಲೇ ಗೊತ್ತಾಗುತ್ತದೆ. ಎಲ್ಲರೆದುರು ಅದನ್ನು ಹೇಳಬಾರದಿತ್ತು. ಆದರೂ ಈ ವರ್ಷ ನಿಮಗೆ ಅತಿ ಮುಖ್ಯವಾದ ಸಹೋದ್ಯೋಗಿ ಅವರೇ. ಅವರ ಬಳಿ ಹೋಗಿ, ‘ಮೇಡಂ, ಅವಳು ಪಾಸಾಗೋಕೆ ಮೊದಲು ಯಾವ ಪಾಠ ಹಿಡೀಬೇಕು ಹೇಳಿ, ನಾನು ದಿನಾ ಕೇಳ್ತೀನಿ’ ಅನ್ನಿ. ಹಿಂದುಳಿದ ಮಕ್ಕಳಿಗೆಂದು ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಇಟ್ಟುಕೊಂಡಿರುತ್ತಾರಲ್ಲ, ಅದರಲ್ಲಿ ಯಾವುದು ಈ ಹುಡುಗಿಯ ಕೈಗೆ ಬೇಗ ಸಿಗುತ್ತದೆ ಎಂದು ಗೊತ್ತಿರುವುದು ಅವರಿಗೆ. ರೇಖಾತ್ಮಕ ಸಮೀಕರಣಗಳ ನಕ್ಷೆ ಬಿಡಿಸುವುದು, ಸಂಖ್ಯಾಶಾಸ್ತ್ರದ ಸರಾಸರಿ, ಬಹುಲಕಗಳಂಥವು ಕೈ ಪಳಗಿದಂತೆ ಬರುವ ಲೆಕ್ಕಗಳು. ಆಟಗಾರರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಒಂದೇ ಚಲನೆಯನ್ನು ಸರಿಬರುವವರೆಗೆ ಮಾಡುವುದು ಅವರಿಗೆ ಹೊಸದಲ್ಲ.

ನಿಮಗೆ ಗಣಿತ ಬರಬೇಕೆಂದೇನಿಲ್ಲ. ಅಭ್ಯಾಸಕ್ಕೆ ಮೊದಲು ಮೈದಾನದ ಅಂಚಿನಲ್ಲಿ ಹತ್ತು ನಿಮಿಷ ಹತ್ತನೇ ಕ್ಲಾಸಿನವರು ಕೂತು ಆ ದಿನದ ಒಂದು ಲೆಕ್ಕವನ್ನು ಪುಸ್ತಕ ಮುಚ್ಚಿ ಬಿಡಿಸಲಿ. ತೆರೆದ ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ನೆನಪಿನಿಂದ ಬರೆಯುವುದರಿಂದ ಹೆಚ್ಚು ಉಳಿಯುತ್ತದೆ. ತರಗತಿಯಲ್ಲಿ ಓದಿನಲ್ಲಿ ಮುಂದಿರುವ ಒಬ್ಬ ಹುಡುಗಿಯನ್ನು ಇವಳಿಗೆ ಜೊತೆ ಮಾಡಿ, ಪಂದ್ಯಕ್ಕೆ ಹೋದ ದಿನದ ನೋಟ್ಸು ಅವಳಿಂದ ಸಿಗಲಿ. ಅವಳನ್ನು ಸ್ಕೋರರ್ ಆಗಿ ತಂಡಕ್ಕೆ ಸೇರಿಸಿಕೊಂಡರೂ ಆದೀತು, ಆಗ ಇಬ್ಬರಿಗೂ ಗೌರವವಿರುತ್ತದೆ. ಪಂದ್ಯದ ಜಾಗದಲ್ಲಿ ಕಾಯುವಾಗ ಓದಲಿ ಎಂದು ಪುಸ್ತಕ ಹೊರಿಸಿಕೊಂಡು ಹೋಗುವವರಿದ್ದಾರೆ. ಆ ಗದ್ದಲದಲ್ಲಿ ಹೊಸ ಪಾಠ ಹತ್ತುವುದಿಲ್ಲ. ಸೂತ್ರ, ವ್ಯಾಖ್ಯೆ, ಇಂಗ್ಲಿಷ್ ಪದ್ಯ ಇಂಥವನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಇನ್ನು ಅವಳ ಅಪ್ಪ. ‘ಆಟ ಆಡಿ ಯಾರ ಮನೆ ಉದ್ಧಾರ ಆಗೈತೆ’ ಎಂಬ ಮಾತಿಗೆ ದೊಡ್ಡ ಹೆಸರುಗಳನ್ನು ಹೇಳಿ ಬಾಯಿ ಮುಚ್ಚಿಸಲು ಹೋಗಬೇಡಿ. ಅನಿಲ್ ಕುಂಬ್ಳೆ 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದರು, ಜಾವಗಲ್ ಶ್ರೀನಾಥ್ ಮೈಸೂರಿನಲ್ಲೇ ಎಂಜಿನಿಯರಿಂಗ್ ಮುಗಿಸಿದವರು, ನಿಜ. ಆದರೆ ಅವರು ಬೆಳೆದ ನಗರದ ಮನೆಗೂ ಕೂಲಿಯ ಮನೆಗೂ ನಡುವೆ ಬಹಳ ದೂರವಿದೆ. ಆ ಅಪ್ಪನಿಗೆ ಅದು ಗೊತ್ತು.

ಹತ್ತಿರದ ನಿಜವನ್ನೇ ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ನಿಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಗೆದ್ದ ಗಂಡಸರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಹಳ್ಳಿಯ ಮೈದಾನದಿಂದ ಅಲ್ಲಿಗೆ ದಾರಿಯಿದೆ ಎಂದು ಹೇಳಲು ಇದಕ್ಕಿಂತ ಬೇರೆ ಬೇಕಿಲ್ಲ. ಅದರ ಮುಂದಿನ ಭಾಗವನ್ನೂ ಮುಚ್ಚಿಡಬೇಡಿ. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ, ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಅದಕ್ಕಿಂತ ಎಷ್ಟೋ ಪಟ್ಟು ಹಣದ ಜೊತೆ ಸರ್ಕಾರಿ ಕೆಲಸವನ್ನೂ ಕೊಡುತ್ತಿರುವುದನ್ನು ತೋರಿಸಿ ಅವರು ಅದನ್ನು ನಿರಾಕರಿಸಿದರು. ವಿಶ್ವಕಪ್ ಗೆದ್ದವರೇ ಕೆಲಸಕ್ಕಾಗಿ ದನಿ ಎತ್ತಬೇಕಾದ ಆಟವಿದು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೆ ನಿಮ್ಮ ಹುಡುಗಿಯ ಭವಿಷ್ಯ ಯೋಜಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವಳಿಗೆ ಮೋಸ ಮಾಡಿದಂತೆ.

ಆಟದಿಂದ ಕೆಲಸ ಸಿಗುವುದಿದ್ದರೂ ಆ ದಾರಿ ಓದಿನ ಮೂಲಕವೇ ಹೋಗುತ್ತದೆ. ನಮ್ಮ ಪೊಲೀಸ್ ಇಲಾಖೆಯಲ್ಲಿ ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್ ಆಗಲು ಎಸ್‌ಎಸ್‌ಎಲ್‌ಸಿ, ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಬೇಕು. ನಿಮ್ಮ ಹಾಗೆ ದೈಹಿಕ ಶಿಕ್ಷಕಿಯಾಗಲು ಅವಳು ಪದವಿ ಮುಗಿಸಿ ಬಿ.ಪಿ.ಎಡ್. ಮಾಡಬೇಕು. ಗಣಿತದಲ್ಲಿ ಫೇಲಾದ ಹುಡುಗಿಯ ಕೈಯಲ್ಲಿ ರಾಜ್ಯಮಟ್ಟದ ಪ್ರಮಾಣಪತ್ರವಿದ್ದರೂ ಅರ್ಜಿ ಹಾಕಲಾಗುವುದಿಲ್ಲ. ಇದನ್ನು ನೀವು ತಂಡದ ಪ್ರತಿ ಮಗುವಿಗೂ ಬಿಡಿಸಿ ಹೇಳಬೇಕು. ಮಕ್ಕಳಿಗೆ ಆಟದ ಮೇಷ್ಟ್ರ ಬಾಯಿಂದ ಬಂದ ಮಾತು ನಾಟುವಷ್ಟು ಬೇರೆಯವರದ್ದು ನಾಟುವುದಿಲ್ಲ.

ಹೆಣ್ಣುಮಗಳ ವಿಷಯದಲ್ಲಿ ಇನ್ನೂ ಒಂದು ಭಯವಿದೆ, ಅಪ್ಪ ಅದನ್ನು ನಿಮ್ಮೆದುರು ಆಡಿರಲಿಕ್ಕಿಲ್ಲ. ಹತ್ತನೇ ಕ್ಲಾಸಿನಲ್ಲಿ ಫೇಲಾದ ಹುಡುಗನನ್ನು ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಕಳಿಸುತ್ತಾರೆ. ಫೇಲಾದ ಹುಡುಗಿಯ ಮನೆಯಲ್ಲಿ ಮದುವೆಯ ಮಾತು ಬರುತ್ತದೆ, ಹದಿನೆಂಟು ತುಂಬದಿದ್ದರೂ ಬರುತ್ತದೆ. ಅವಳಿಗೆ ಫೇಲಾಗುವುದೆಂದರೆ ಒಂದು ವರ್ಷ ಹೋಗುವುದಷ್ಟೇ ಅಲ್ಲ, ಓದು ಆಟ ಎರಡೂ ಒಂದೇ ಬೇಸಿಗೆಯಲ್ಲಿ ಮುಗಿದುಹೋಗಬಹುದು. ನೀವು ನನ್ನ ಬೇರೆ ಯಾವ ಮಾತನ್ನು ಬಿಟ್ಟರೂ ಇದನ್ನು ಬಿಡಬೇಡಿ. ಈ ವರ್ಷದ ನಿಮ್ಮ ಮೊದಲ ಗುರಿ ಅವಳು ಪಾಸಾಗುವುದು. ರಾಜ್ಯಮಟ್ಟ ಅದರ ನಂತರದ್ದು.

ಅವರ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ, ಗಣಿತದ ಮೇಡಂ ಜೊತೆಗೆ ಬಂದರೆ ಅರ್ಧ ಕೆಲಸ ಆದಂತೆ. ಅಮ್ಮ ಕೆಲಸದಿಂದ ಬಂದಿರುವ ಹೊತ್ತು ನೋಡಿ, ಏಕೆಂದರೆ ಮಗಳ ದಿನಚರಿಯನ್ನು ಹಗುರ ಮಾಡುವ ಅಧಿಕಾರ ಬಹುಶಃ ಅವರ ಕೈಯಲ್ಲಿದೆ. ಬೆಳಗಿನ ಅಭ್ಯಾಸ ನಿಲ್ಲಿಸಿದ್ದೇನೆ, ಸಂಜೆ ಆರಕ್ಕೆ ಕಳಿಸುತ್ತೇನೆ, ಹೊನಲು ಬೆಳಕಿನ ಪಂದ್ಯಕ್ಕೆ ಕರೆಯುವುದಿಲ್ಲ, ಹೊರಗೆ ಹೋದಾಗ ಮೇಡಂ ಒಬ್ಬರು ಜೊತೆಗಿರುತ್ತಾರೆ ಎಂದು ನೀವು ಬಿಟ್ಟುಕೊಟ್ಟದ್ದನ್ನು ಮೊದಲು ಹೇಳಿ. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಪಾತ್ರೆ, ರಾತ್ರಿಯ ಅಡುಗೆ ಎರಡರಲ್ಲಿ ಒಂದನ್ನು ಅವಳಿಗೆ ತಪ್ಪಿಸಲಾದೀತೇ ಎಂದು ಕೇಳಿ. ಅಣ್ಣನೋ ತಮ್ಮನೋ ಇದ್ದರೆ ಆ ಕೆಲಸ ಅವನೂ ಮಾಡಬಹುದು ಎಂದು ಹೇಳಲು ಹಿಂಜರಿಯಬೇಡಿ. ಮೇಷ್ಟ್ರು ಹೇಳಿದರೆ ಕೇಳುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ.

ಅವಳ ಆರೋಗ್ಯದ ಬಗ್ಗೆಯೂ ಒಂದು ಸೂಚನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 59 ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಿರುವ ಹುಡುಗಿ ಮೈದಾನದಲ್ಲಿ ಬೇಗ ಏದುಸಿರು ಬಿಡುತ್ತಾಳೆ, ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ. ನಾವು ಅದನ್ನು ಸೋಮಾರಿತನ ಅನ್ನುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡೀ ತಂಡದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯದೆ ಊಟದ ನಂತರ ನುಂಗುವಂತೆ ನೋಡಿಕೊಳ್ಳಿ. ಬಿಸಿಯೂಟದ ಮೊಟ್ಟೆಯನ್ನು ನಿಮ್ಮ ಆಟಗಾರ್ತಿಯರು ಬಿಡದಿರಲಿ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಎಂದರೆ ಎಣ್ಣೆ ತಿಕ್ಕಿ ಓಡಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ಹೆಚ್ಚು ಓಡುವ, ನೆಗೆಯುವ ಮಕ್ಕಳಲ್ಲಿ ಅದು ಬರುತ್ತದೆ, ವೈದ್ಯರಿಗೆ ತೋರಿಸಿ ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ಅಭ್ಯಾಸ ಬೇಡವೆಂದರೆ ಕಾರಣ ಹೇಳದೆ ಕೂರುವ ಅವಕಾಶ ಪ್ರತಿ ಹುಡುಗಿಗೂ ಇರಲಿ.

ಎಸ್‌ಎಸ್‌ಎಲ್‌ಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳುತ್ತಾರೆ. ಇದು ಧೈರ್ಯಕ್ಕೆ ಒಳ್ಳೆಯದು. ಆದರೆ ‘ಎರಡನೇ ಪರೀಕ್ಷೆ ಇದೆಯಲ್ಲ’ ಎಂದು ಅವಳಿಗೆ ಈಗಲೇ ಹೇಳಬೇಡಿ. ಮೊದಲ ಪರೀಕ್ಷೆಯಲ್ಲಿ ಪಾಸಾದವರಿಗೆ ಪಿಯು ಕಾಲೇಜಿನ ಆಯ್ಕೆ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೂ ಮನೆಯವರು ಬೇಡವೆಂದರೆ, ಅಥವಾ ಹುಡುಗಿಯೇ ‘ಈ ವರ್ಷ ಬೇಡ ಸರ್’ ಅಂದರೆ, ಒಪ್ಪಿಕೊಳ್ಳಿ. ತಂಡದ ಮುಂದೆ ಅವಳನ್ನು ಸಣ್ಣದು ಮಾಡಬೇಡಿ. ಸಂಜೆ ಅರ್ಧ ಗಂಟೆ ಬಂದು ಚಿಕ್ಕವರಿಗೆ ಕಂಬ ಸುತ್ತುವುದನ್ನು ಹೇಳಿಕೊಡಲಿ, ಅವಳ ಕಾಲೂ ಚುರುಕಾಗಿ ಉಳಿಯುತ್ತದೆ. ಒಂದು ವರ್ಷದ ಪಂದ್ಯ ತಪ್ಪಿದರೆ ಖೋ ಖೋ ಮುಗಿಯುವುದಿಲ್ಲ. ಪಿಯು ಕಾಲೇಜುಗಳಿಗೆ ಅವರದೇ ಕ್ರೀಡಾಕೂಟಗಳಿವೆ, ಶಾಲಾ ರಾಷ್ಟ್ರೀಯ ಕೂಟದಲ್ಲಿ 19ರೊಳಗಿನವರ ವಿಭಾಗವಿದೆ. ಮೇ ತಿಂಗಳಲ್ಲಿ ಪಿಯು ಅರ್ಜಿ ಹಾಕುವಾಗ ಅವಳ ಜೊತೆ ನೀವಿರಿ. ಬಸ್ಸು ಹತ್ತಿರವಿದೆ, ಶುಲ್ಕ ಕಡಿಮೆ ಎಂದಷ್ಟೇ ಅಪ್ಪ ನೋಡುತ್ತಾರೆ. ಆ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಉಪನ್ಯಾಸಕರು ಇದ್ದಾರೆಯೇ, ಹೆಣ್ಣುಮಕ್ಕಳ ತಂಡವಿದೆಯೇ, ಖೋ ಖೋ ಕಂಬ ನೆಡಲು ಮೈದಾನದಲ್ಲಿ ಜಾಗವಿದೆಯೇ ಎಂದು ನೀವು ಮೊದಲೇ ಹೋಗಿ ವಿಚಾರಿಸಿಕೊಂಡು ಬನ್ನಿ.